ಹತ್ತು ಚಿತ್ರಗಳ ಪಟ್ಟಿ: ವಿಮರ್ಶಕನ ರುಚಿ ಮತ್ತು ಸಾಕ್ಷ್ಯ

೧

ಕಲಾಕೃತಿಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಪಂಕ್ತಿಯಲ್ಲಿ ಕುಳ್ಳಿರಿಸುವ ಕೆಲಸವನ್ನು ವಿಮರ್ಶೆಯೆಂದು ಕರೆಯಬಹುದೆ? ವಿದ್ವಾಂಸರಲ್ಲಿ ಬಹುಮಂದಿ ಈ ಪ್ರಶ್ನೆಗೆ ಇಲ್ಲವೆಂದೇ ಉತ್ತರ ಕೊಟ್ಟಾರು. ರುಚಿ ಅವರವರದು, ಅದನ್ನು ಅಂಕಿಗೆ ಇಳಿಸುವುದು ಪರೀಕ್ಷಕನ ಕೆಲಸವೇ ಹೊರತು ರಸಿಕನ ಕೆಲಸವಲ್ಲ ಎಂಬುದು ಅವರ ಆಕ್ಷೇಪ. ಆದರೆ ಸಾಮಾನ್ಯ ವಾಚಕನೂ ಪ್ರೇಕ್ಷಕನೂ ವಿಮರ್ಶಕನನ್ನು ಮೊದಲು ಕೇಳುವುದು, ನಿಮ್ಮ ಮೆಚ್ಚಿಕೆಯ ಕೃತಿ ಯಾವುದು ಎಂಬುದನ್ನೇ. ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ವಿಮರ್ಶಕನ ಮಾತಿನಲ್ಲಿ ಅವರಿಗೆ ನಂಬಿಕೆ ಹುಟ್ಟುವುದೂ ಕಷ್ಟ.

ನಮ್ಮ ಸಾಹಿತ್ಯಚರಿತ್ರೆಯೂ ಈ ಬಗೆಯ ಎಣಿಕೆಯಿಂದ ಮುಕ್ತವಾಗಿಲ್ಲ. ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆಂದು ಕರೆಯುವ ವಾಡಿಕೆ ತರಗತಿಯ ಮೊದಲ ಪಾಠದಲ್ಲೇ ವಿದ್ಯಾರ್ಥಿಗೆ ದೊರೆಯುತ್ತದೆ. ಇಲ್ಲಿ ಮೂರೆಂಬ ಸಂಖ್ಯೆಗೆ ಜೈನಧರ್ಮದ ರತ್ನತ್ರಯ ಕಲ್ಪನೆಯ ಬೆಂಬಲವಿದೆ. ಕಾವ್ಯಗುಣವನ್ನು ಮಾತ್ರ ತೂಗಿನೋಡಿದ್ದರೆ ಸಂಖ್ಯೆ ಮೂರಕ್ಕೇ ನಿಲ್ಲಬೇಕಾದ ಕಾರಣವಿರಲಿಲ್ಲ. ಪಂಪನನ್ನೂ ರನ್ನನನ್ನೂ ಓದುವಷ್ಟು ಮಂದಿ ಇಂದು ಪೊನ್ನನನ್ನು ಓದುವುದಿಲ್ಲ. ಆದರೂ ಎಣಿಕೆ ಹಾಗೆಯೇ ನಿಂತಿದೆ. ಪಟ್ಟಿಗೆ ಕಾರಣವಾದ ರುಚಿ ಹಿಂದೆ ಸರಿದ ಮೇಲೂ ಪಟ್ಟಿ ಬದುಕಿರುತ್ತದೆ ಎಂಬುದಕ್ಕೆ ಇದು ಸಮೀಪದ ನಿದರ್ಶನ.

ಈ ಪ್ರಶ್ನೆಯನ್ನು ಸಾಹಿತ್ಯಕ್ಕಿಂತ ಚಲಚ್ಚಿತ್ರದ ಕ್ಷೇತ್ರದಲ್ಲಿ ಪರಿಶೀಲಿಸುವುದು ಸುಲಭ. ಅಲ್ಲಿ ಪಟ್ಟಿ ಮಾಡುವ ಪದ್ಧತಿಗೆ ಎಪ್ಪತ್ತು ವರ್ಷಗಳ ಲಿಖಿತ ದಾಖಲೆಯಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ೧೯೫೨ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ಹತ್ತು ಚಿತ್ರಗಳ ಹೆಸರನ್ನು ಕೇಳಿ ಪಡೆಯುತ್ತ ಬಂದಿದೆ. ಆ ಮತದಾನದಲ್ಲಿ ಐದು ಬಾರಿ ಭಾಗವಹಿಸಿದ ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ಅವರ ಕೊನೆಯ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ವ್ಯಕ್ತಿಯ ಮೆಚ್ಚಿಕೆಗೆ ವಿಮರ್ಶೆಯಲ್ಲಿ ಯಾವ ಸ್ಥಾನವಿದೆ ಎಂಬುದನ್ನು ಇಲ್ಲಿ ವಿಚಾರಮಾಡಲು ಯತ್ನಿಸುತ್ತೇವೆ.

೨

ಎಬರ್ಟ್ ಅವರು (೧೯೪೨–೨೦೧೩) ೧೯೬೭ರಿಂದ ಕೊನೆಯವರೆಗೆ 'ಷಿಕಾಗೋ ಸನ್-ಟೈಮ್ಸ್' ಪತ್ರಿಕೆಯ ಚಲಚ್ಚಿತ್ರ ವಿಮರ್ಶಕರಾಗಿದ್ದರು. ವಿಮರ್ಶೆಗಾಗಿ ಪುಲಿಟ್ಜರ್ ಬಹುಮಾನವನ್ನು ಪಡೆದ ಮೊದಲ ಚಲಚ್ಚಿತ್ರ ವಿಮರ್ಶಕರು ಅವರೇ. ಆ ಗೌರವ ಬಂದದ್ದು ೧೯೭೫ರಲ್ಲಿ. ೨೦೧೨ರ ಮತದಾನಕ್ಕೆ ಅವರು ಕೊಟ್ಟ ಹತ್ತು ಹೆಸರುಗಳನ್ನು ಕಾಲಕ್ರಮದಲ್ಲಿ ಹೀಗೆ ಜೋಡಿಸಬಹುದು: ಬಸ್ಟರ್ ಕೀಟನ್‌ನ 'ದಿ ಜನರಲ್' (೧೯೨೬), ಆರ್ಸನ್ ವೆಲ್ಸ್‌ನ 'ಸಿಟಿಜನ್ ಕೇನ್' (೧೯೪೧), ಓಜುವಿನ 'ಟೋಕಿಯೋ ಸ್ಟೋರಿ' (೧೯೫೩), ಹಿಚ್‌ಕಾಕ್‌ನ 'ವರ್ಟಿಗೋ' (೧೯೫೮), ಫೆಲಿನಿಯ 'ಲಾ ದೊಲ್ಚೆ ವೀಟಾ' (೧೯೬೦), ಕುಬ್ರಿಕ್‌ನ '೨೦೦೧: ಎ ಸ್ಪೇಸ್ ಒಡಿಸ್ಸಿ' (೧೯೬೮), ಹರ್ಜೋಗ್‌ನ 'ಅಗೀರೆ' (೧೯೭೨), ಕೊಪೊಲಾನ 'ಅಪಾಕಲಿಪ್ಸ್ ನೌ' (೧೯೭೯), ಸ್ಕಾರ್ಸೀಸಿಯ 'ರೇಜಿಂಗ್ ಬುಲ್' (೧೯೮೦), ಟೆರೆನ್ಸ್ ಮ್ಯಾಲಿಕ್‌ನ 'ದಿ ಟ್ರೀ ಆಫ್ ಲೈಫ್' (೨೦೧೧).

ಈ ಪಟ್ಟಿಯನ್ನು ಸ್ವಲ್ಪ ಸಾವಧಾನದಿಂದ ನೋಡಿದರೆ ಅದರ ಕರ್ತೃವಿನ ಆಯುಷ್ಯವೇ ಅಲ್ಲಿ ಗುರುತು ಬಿಟ್ಟಿರುವುದು ಕಾಣುತ್ತದೆ. ಹತ್ತರಲ್ಲಿ ಐದು ಚಿತ್ರಗಳು ಅವರು ವಿಮರ್ಶಕವೃತ್ತಿಗೆ ಬರುವ ಮೊದಲೇ ತಯಾರಾದವು. ಅವು ಅವರಿಗೆ ಪರಂಪರೆಯಾಗಿ ಒದಗಿದವು. ಉಳಿದ ಐದರಲ್ಲಿ ನಾಲ್ಕು ೧೯೬೮ರಿಂದ ೧೯೮೦ರ ಒಳಗೆ, ಎಂದರೆ ಅವರ ಇಪ್ಪತ್ತಾರರಿಂದ ಮೂವತ್ತೆಂಟನೆಯ ವಯಸ್ಸಿನ ನಡುವೆ ಬಂದವು. ಅನಂತರದ ಮೂವತ್ತು ವರ್ಷಗಳಲ್ಲಿ ಬಂದ ಒಂದು ಚಿತ್ರವೂ ಇಲ್ಲಿಲ್ಲ. ಕೊನೆಗೆ ೨೦೧೧ರ ಒಂದು ಚಿತ್ರ ಬಂದು ಸೇರಿದೆ. ಆ ಮೂವತ್ತು ವರ್ಷ ಜಗತ್ತಿನ ಚಲಚ್ಚಿತ್ರ ಬರಡಾಗಿತ್ತೆಂದು ಯಾರೂ ವಾದಿಸಲಾರರು. ಹರೆಯದಲ್ಲಿ ಮನಸ್ಸನ್ನು ಹಿಡಿದದ್ದು ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಸಾಮಾನ್ಯ ಸತ್ಯವೇ ಇಲ್ಲಿಯೂ ಪಟ್ಟಿಯ ಆಕಾರವನ್ನು ನಿರ್ಧರಿಸಿದೆ.

ಹೀಗಿರುವಾಗ ಇದನ್ನು ಜಗತ್ತಿನ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿಯೆಂದು ಸ್ವೀಕರಿಸುವುದು ಸಾಧ್ಯವಿಲ್ಲ. ಹಾಗೆಂದು ಇದನ್ನು ಬದಿಗೊತ್ತಬೇಕೆ? ಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ಪಟ್ಟಿಯು ಅಳತೆಯಲ್ಲ, ಸಾಕ್ಷ್ಯ. ಅಳತೆಗೋಲು ಹಿಡಿದವನು ಯಾರೆಂಬುದು ಅಳತೆಗೆ ಸಂಬಂಧಪಡುವುದಿಲ್ಲ. ಯಾರು ಅಳೆದರೂ ಗಜ ಗಜವೇ. ಸಾಕ್ಷ್ಯದಲ್ಲಿ ಹಾಗಲ್ಲ. ಸಾಕ್ಷಿ ಯಾರು, ಅವನು ಎಲ್ಲಿ ನಿಂತಿದ್ದ, ಯಾವ ಕಾಲದಲ್ಲಿ ಕಂಡ, ಏನನ್ನು ಕಾಣಲಾರದೆ ಹೋದ ಎಂಬುದೆಲ್ಲ ಸಾಕ್ಷ್ಯದ ಅಂಗವೇ ಆಗುತ್ತದೆ. ಸಾಕ್ಷಿಯನ್ನು ಪ್ರಶ್ನಿಸಬಹುದು, ಆದರೆ ಅವನು ಕಂಡೇ ಇಲ್ಲವೆನ್ನಲು ಬರುವುದಿಲ್ಲ.

೩

ಸಾಕ್ಷ್ಯವೆಂದ ಮೇಲೆ ಅದರ ಹಿಂದಿನ ಕಾರಣವನ್ನು ಕೇಳುವ ಹಕ್ಕು ನಮಗಿದೆ. ಎಬರ್ಟ್ ಅವರ ೨೦೦೨ರ ಪಟ್ಟಿಯಲ್ಲೂ ೨೦೧೨ರ ಪಟ್ಟಿಯಲ್ಲೂ ಒಂಬತ್ತು ಚಿತ್ರಗಳು ಸಮಾನ. ಕೀಸ್ಲೋವ್‌ಸ್ಕಿಯ ಹತ್ತು ಭಾಗಗಳ 'ಡೆಕಲಾಗ್' ಹೊರಹೋಗಿ ಅದರ ಸ್ಥಾನಕ್ಕೆ 'ದಿ ಟ್ರೀ ಆಫ್ ಲೈಫ್' ಬಂತು. ಹೊಸದಾಗಿ ಸೇರಿಸಬೇಕಾದ ಒಂದು ಚಿತ್ರಕ್ಕಾಗಿ ತಾವು ಎರಡರ ನಡುವೆ ತೂಗಾಡಿದುದನ್ನು ಅವರೇ ಬರೆದಿದ್ದಾರೆ: ಒಂದು ಮ್ಯಾಲಿಕ್‌ನ ಚಿತ್ರ, ಇನ್ನೊಂದು ಚಾರ್ಲಿ ಕಾಫ್‌ಮನ್‌ನ 'ಸಿನೆಕ್‌ಡಕಿ, ನ್ಯೂಯಾರ್ಕ್' (೨೦೦೮). ಎರಡನೆಯದು ತನ್ನ ಬದುಕನ್ನೇ ಒಂದು ಬೃಹತ್ ರಂಗಸಜ್ಜಿಕೆಯಾಗಿ ಕಟ್ಟುತ್ತ ಕಟ್ಟುತ್ತ ರೋಗಕ್ಕೂ ಮರಣಕ್ಕೂ ಸಮೀಪವಾಗುವ ನಾಟಕ ನಿರ್ದೇಶಕನೊಬ್ಬನ ಕಥೆ. ಮೊದಲನೆಯದು ಟೆಕ್ಸಸ್ ಪ್ರಾಂತದ ಊರೊಂದರ ಬಾಲ್ಯವನ್ನೂ ವಿಶ್ವದ ಸೃಷ್ಟಿಯನ್ನೂ ಒಂದೇ ಹಂದರದಲ್ಲಿ ತಂದ ಚಿತ್ರ. ಎಬರ್ಟ್ ಅವರು ಮೊದಲನೆಯದನ್ನು ಆರಿಸಿದರು. ಅದು ಹೆಚ್ಚು ಆಶಾವಾದಿಯಾಗಿದೆ, ಬಾಳನ್ನು ಒಪ್ಪಿಕೊಳ್ಳುತ್ತದೆ ಎಂಬುದೇ ಅವರು ಕೊಟ್ಟ ಕಾರಣ. ಒಂದು ಚಿತ್ರವನ್ನು ಇನ್ನೊಂದಕ್ಕಿಂತ ಮೇಲೆಂದು ಸಾಧಿಸಲು ಇದು ಸಾಲದ ಕಾರಣ, ಆದರೂ ತಮ್ಮ ಕಾರಣ ಇದೇ ಎಂಬ ಅರ್ಥದ ಮಾತನ್ನೂ ಅವರು ಮುಚ್ಚಿಡದೆ ಸೇರಿಸಿದರು.

ಈ ಒಪ್ಪಿಗೆಯನ್ನು ನಾವು ಹೇಗೆ ಗ್ರಹಿಸಬೇಕು? ೨೦೦೬ರಲ್ಲಿ ರೋಗದ ಶಸ್ತ್ರಚಿಕಿತ್ಸೆಗಳಿಂದ ಅವರು ಮಾತನಾಡುವ ಶಕ್ತಿಯನ್ನು ಕಳೆದುಕೊಂಡಿದ್ದರು. ಬರೆವಣಿಗೆಯನ್ನು ಮಾತ್ರ ಬಿಡಲಿಲ್ಲ. ಈ ಪಟ್ಟಿ ಪ್ರಕಟವಾದ ಮರುವರ್ಷ, ೨೦೧೩ರ ಏಪ್ರಿಲ್ ೪ರಂದು ತೀರಿಕೊಂಡರು. ಮರಣದ ಚಿತ್ರವನ್ನು ಬಿಟ್ಟು ಆಶೆಯ ಚಿತ್ರವನ್ನು ಅವರು ಆರಿಸಿದುದರಲ್ಲಿ ಅವರ ದೇಹಸ್ಥಿತಿಯ ಪಾತ್ರವೆಷ್ಟು ಎಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಸಹೃದಯನೆಂದರೆ ದೇಹವಿಲ್ಲದ ವಯಸ್ಸಿಲ್ಲದ ಶುದ್ಧ ದರ್ಪಣವೆಂದು ಭಾವಿಸುವವರು ಈ ಪ್ರಸಂಗವನ್ನು ಗಮನಿಸಬೇಕು. ನಮ್ಮ ಆಲಂಕಾರಿಕರು ಕಾವ್ಯಾಭ್ಯಾಸದಿಂದ ತಿಳಿಯಾದ ಮನಸ್ಸನ್ನು ಸಹೃದಯನ ಲಕ್ಷಣವೆಂದರು. ತಿಳಿಯಾದ ಕೊಳದಲ್ಲಿಯೂ ಬಿಂಬ ಬೀಳುವುದು ಕೊಳವಿರುವ ಜಾಗದಿಂದ ಕಾಣುವಷ್ಟಕ್ಕೆ ಮಾತ್ರ. ಎಬರ್ಟ್ ಅವರು ತಮ್ಮ ಜಾಗವನ್ನು ಮರೆಮಾಚಲಿಲ್ಲ. ಸಾಧಿಸಲಾಗದ ಕಾರಣವನ್ನು ಸಾಧಿತವೆಂಬಂತೆ ತೋರಿಸುವ ವಿಮರ್ಶಕನಿಗಿಂತ, ಅದನ್ನು ಅದರ ಹೆಸರಿನಿಂದಲೇ ಕರೆಯುವ ವಿಮರ್ಶಕ ವಿಶ್ವಾಸಾರ್ಹ.

ಆದರೆ ಇಷ್ಟಕ್ಕೇ ನಿಂತರೆ 'ನನಗೆ ಹಿಡಿಸಿತು, ಮುಗಿಯಿತು' ಎಂಬ ಸುಲಭಮಾರ್ಗಕ್ಕೆ ಬಾಗಿಲು ತೆರೆದಂತಾಗುತ್ತದೆ. ಎಬರ್ಟ್ ಅವರಲ್ಲಿ ಹಾಗಾಗಿಲ್ಲ. ೨೦೧೧ರಲ್ಲಿಯೇ ಈ ಚಿತ್ರವನ್ನು ವಿಮರ್ಶಿಸುವಾಗ, ಅದರ ವ್ಯಾಪ್ತಿಯನ್ನು ಕುಬ್ರಿಕ್‌ನ ಚಿತ್ರದೊಡನೆ ಹೋಲಿಸಿದ್ದರು. ಅದರಲ್ಲಿ ತಮ್ಮ ಬಾಲ್ಯದ ಊರನ್ನು ಕಂಡುದನ್ನೂ ಹೇಳಿದ್ದರು. ೧೯೯೬ರಿಂದ ಅವರು ಮಹಾಚಿತ್ರಗಳನ್ನು ಕುರಿತು ಬರೆಯತೊಡಗಿದ ಪ್ರಬಂಧಗಳ ಸಂಖ್ಯೆ ಮುನ್ನೂರನ್ನು ಮೀರುತ್ತದೆ. 'ಲಾ ದೊಲ್ಚೆ ವೀಟಾ' ಕುರಿತ ಪ್ರಬಂಧದಲ್ಲಿ, ಸುಮಾರು ಹತ್ತು ವರ್ಷಕ್ಕೊಮ್ಮೆ ಆ ಚಿತ್ರವನ್ನು ನೋಡಿದಾಗ ಕಥಾನಾಯಕ ಮಾರ್ಚೆಲ್ಲೋ ತಮಗೆ ಹೇಗೆ ಬೇರೆಬೇರೆಯಾಗಿ ಕಂಡನೆಂಬುದನ್ನು ವಿವರಿಸಿದ್ದಾರೆ. ಮೊದಲು ಆ ಬಾಳು ಅಪೇಕ್ಷಣೀಯವಾಗಿ ತೋರಿತು. ಮುಂದೆ ಅದು ತಮ್ಮದೇ ಬಾಳಾಯಿತು. ಕೊನೆಗೆ ಮಾರ್ಚೆಲ್ಲೋ ಕನಿಕರಕ್ಕೆ ಪಾತ್ರನಾದ. ಚಿತ್ರ ಬದಲಾಗುವುದಿಲ್ಲ, ನೋಡುವವನು ಬದಲಾಗುತ್ತಾನೆ ಎಂಬುದು ಆ ಪ್ರಬಂಧದ ತಾತ್ಪರ್ಯ. ಹತ್ತು ಹೆಸರಿನ ಪಟ್ಟಿ ಈ ಬರೆವಣಿಗೆಗೆಲ್ಲ ಸೂಚಿಯಿದ್ದಂತೆ. ಸೂಚಿಯನ್ನು ಓದಿ ಗ್ರಂಥವನ್ನು ಓದಿದೆನೆನ್ನುವುದು ಹೇಗೆ ಸಲ್ಲದೋ, ಪಟ್ಟಿಯನ್ನು ನೋಡಿ ವಿಮರ್ಶೆಯನ್ನು ತಿಳಿದೆನೆನ್ನುವುದೂ ಹಾಗೆಯೇ ಸಲ್ಲದು.

ಭಾರತೀಯ ಓದುಗನಿಗೆ ಇಲ್ಲಿ ಇನ್ನೊಂದು ಕೊರತೆ ಕಾಣದಿರದು. ಈ ಹತ್ತರಲ್ಲಿ ನಮ್ಮ ದೇಶದ ಚಿತ್ರವಿಲ್ಲ. ಆದರೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೇಲೆ ಇದೇ ವಿಮರ್ಶಕರು ಮೇಲೆ ಹೇಳಿದ ಮಾಲೆಯಲ್ಲಿ ಪ್ರಬಂಧ ಬರೆದಿದ್ದಾರೆ. ಹತ್ತೆಂಬ ಸಂಖ್ಯೆ ಹೊರಗಿಟ್ಟುದನ್ನು ಪ್ರಬಂಧ ಒಳಗೆ ಕರೆದುಕೊಂಡಿದೆ. ಪಟ್ಟಿಯ ದೋಷಕ್ಕೆ ಪರಿಹಾರ ಇನ್ನೂ ಉದ್ದವಾದ ಪಟ್ಟಿಯಲ್ಲ, ವಿವರವಾದ ಬರೆವಣಿಗೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೪

ಒಬ್ಬನ ಪಟ್ಟಿ ಸಾಕ್ಷ್ಯವಾದರೆ, ನೂರಾರು ಪಟ್ಟಿಗಳನ್ನು ಕೂಡಿಸಿದಾಗ ಬರುವ ಮೊತ್ತವೇನು? ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. 'ಸೈಟ್ ಅಂಡ್ ಸೌಂಡ್' ಮತದಾನದಲ್ಲಿ ವಿಮರ್ಶಕನು ಹೆಸರಿಸುವ ಹತ್ತೂ ಚಿತ್ರಗಳಿಗೆ ಸಮಾನವಾಗಿ ಒಂದೊಂದು ಮತ. ಎಂದರೆ ಮೊದಲನೆಯದು, ಎರಡನೆಯದು ಎಂಬ ತಾರತಮ್ಯವನ್ನು ಮಾಡುವುದು ವಿಮರ್ಶಕನಲ್ಲ, ಲೆಕ್ಕ. ೨೦೧೨ರಲ್ಲಿ ೮೪೬ ಮಂದಿ ಮತ ಕೊಟ್ಟರು. ಪ್ರಥಮಸ್ಥಾನ ಪಡೆದ 'ವರ್ಟಿಗೋ' ಚಿತ್ರಕ್ಕೆ ಬಂದ ಮತ ೧೯೧, 'ಸಿಟಿಜನ್ ಕೇನ್' ಚಿತ್ರಕ್ಕೆ ೧೫೭. ಜಗತ್ತಿನ ಅತಿಶ್ರೇಷ್ಠ ಚಿತ್ರವೆಂದು ಘೋಷಿತವಾದುದನ್ನು ಮತದಾರರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ತಮ್ಮ ಹತ್ತರೊಳಗೂ ಸೇರಿಸಿರಲಿಲ್ಲ. ಪ್ರತಿಯೊಬ್ಬನ ಕಾರಣವೂ ಬೇರೆ. ಕೂಡಿಸುವಾಗ ಕಾರಣಗಳೆಲ್ಲ ಸೋರಿಹೋಗಿ ಹೆಸರು ಮಾತ್ರ ಉಳಿಯುತ್ತದೆ.

ಮೊತ್ತದ ಚಂಚಲತೆಯನ್ನೂ ದಾಖಲೆಗಳು ತೋರಿಸುತ್ತವೆ. ೧೯೫೨ರಲ್ಲಿ ಮೊದಲ ಸ್ಥಾನ ಪಡೆದದ್ದು ತಯಾರಾಗಿ ನಾಲ್ಕೇ ವರ್ಷವಾಗಿದ್ದ, ಡಿ ಸೀಕಾ ಅವರ 'ಬೈಸಿಕಲ್ ಥೀವ್ಸ್'. ೧೯೬೨ರಿಂದ ೨೦೦೨ರವರೆಗೆ ಐದು ಮತದಾನಗಳಲ್ಲಿ 'ಸಿಟಿಜನ್ ಕೇನ್' ಅಗ್ರಸ್ಥಾನದಲ್ಲಿತ್ತು. ೨೦೨೨ರಲ್ಲಿ ಮತದಾರರ ಸಂಖ್ಯೆ ೧೬೩೯ಕ್ಕೆ, ಎಂದರೆ ಹಿಂದಿನದರ ಸುಮಾರು ಇಮ್ಮಡಿಗೆ ಏರಿತು. ಬೆಲ್ಜಿಯಮ್ಮಿನ ಶಾಂತಾಲ್ ಅಕರ್‌ಮಾನ್ ಅವರ 'ಜಾನ್ ದೀಲ್‌ಮಾನ್' (೧೯೭೫) ಮೊದಲ ಸ್ಥಾನಕ್ಕೆ ಬಂತು. ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರಕ್ಕೆ ಈ ಸ್ಥಾನ ದೊರೆತದ್ದು ಅದೇ ಮೊದಲು. ಚಿತ್ರ ಬದಲಾಗಿರಲಿಲ್ಲ, ನೋಡುವವರ ಸಮುದಾಯ ಬದಲಾಗಿತ್ತು. ಒಬ್ಬ ಪ್ರೇಕ್ಷಕನ ಬಾಳಿನಲ್ಲಿ ನಡೆಯುವ ಕ್ರಿಯೆಯೇ ಇಲ್ಲಿ ಒಂದು ಸಮುದಾಯದಲ್ಲಿ ನಡೆದಿದೆ. ಇದನ್ನು ಕೆಲವರು ಮಾನದಂಡದ ಪತನವೆಂದು ಕೊರಗಿದರು, ಕೆಲವರು ನ್ಯಾಯದ ಜಯವೆಂದು ಹಿಗ್ಗಿದರು. ಮೊತ್ತವನ್ನು ಅಳತೆಯೆಂದು ನಂಬಿದವರಿಗೆ ಮಾತ್ರ ಈ ಎರಡು ಭಾವಗಳೂ ಸಹಜ.

ಹಾಗಾದರೆ ಮೊತ್ತಕ್ಕೆ ಬೆಲೆಯಿಲ್ಲವೆ? ಇದೆ. 'ವರ್ಟಿಗೋ' ಹಲವು ವರ್ಷ ಸಾರ್ವಜನಿಕ ಪ್ರದರ್ಶನಕ್ಕೆ ದೊರೆಯುತ್ತಿರಲಿಲ್ಲ. ಅದು ಮೊದಲ ಬಾರಿಗೆ ಹತ್ತರೊಳಗೆ ಬಂದದ್ದು ಆ ಅವಧಿಯಲ್ಲಿಯೇ, ೧೯೮೨ರಲ್ಲಿ. ಕಣ್ಣೆದುರಿಗಿಲ್ಲದ ಕೃತಿಗಾಗಿ ಸ್ಮರಣೆ ಸಾಕ್ಷ್ಯ ನುಡಿದ ಪ್ರಸಂಗವದು. ನಮ್ಮಲ್ಲಿ, ಚಲಚ್ಚಿತ್ರ ವಿಮರ್ಶಕರ ಅಂತರರಾಷ್ಟ್ರೀಯ ಸಂಘದ ಭಾರತ ಶಾಖೆ ೨೦೨೨ರಲ್ಲಿ ನಡೆಸಿದ ಮತದಾನದಲ್ಲಿ ಮೂವತ್ತು ಮಂದಿ ಸದಸ್ಯರು ಭಾಗವಹಿಸಿದ್ದರು. ಅಲ್ಲಿ 'ಪಥೇರ್ ಪಾಂಚಾಲಿ' (೧೯೫೫) ಮೊದಲನೆಯದು, ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ 'ಘಟಶ್ರಾದ್ಧ' (೧೯೭೭) ಐದನೆಯದು. ಮುಂದೆ ೨೦೨೪ರಲ್ಲಿ ಅದರ ಪುನರುದ್ಧರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಒಂದರಿಂದ ಇನ್ನೊಂದಾಯಿತೆಂದು ನಾವು ಹೇಳಹೊರಟಿಲ್ಲ. ಆದರೆ ಹಳೆಯ ಚಿತ್ರದ ಸುರುಳಿ ತಾಳೆಗರಿಯಷ್ಟು ಕಾಲವೂ ಬಾಳುವ ವಸ್ತುವಲ್ಲ. ಯಾರೂ ನೆನೆಯದ ಚಿತ್ರವನ್ನು ಉಳಿಸಲು ಯಾರೂ ಹಣ ತೆಗೆಯುವುದಿಲ್ಲ. ಹೆಸರು ಹೇಳುವ ಕೆಲಸಕ್ಕೆ ಇಲ್ಲಿ ಗ್ರಂಥರಕ್ಷಣೆಗೆ ಸಮಾನವಾದ ಹೊಣೆಯುಂಟು.

೫

ಇಷ್ಟರಿಂದ ಅಧ್ಯಾಪಕರ ಉಪಯೋಗಕ್ಕೆ ಬರುವ ಕೆಲವು ಮಾತುಗಳನ್ನು ಹೇಳಬಹುದು. ಸಿದ್ಧಪಟ್ಟಿಯನ್ನು ವಿದ್ಯಾರ್ಥಿಗಳ ಕೈಗಿತ್ತು ಇವೇ ಶ್ರೇಷ್ಠಕೃತಿಗಳು ಎಂದರೆ, ಅವರು ನೋಡುವ ಮೊದಲೇ ಮೆಚ್ಚುವುದನ್ನು ಕಲಿಯುತ್ತಾರೆ. ಪಟ್ಟಿಯೇ ಬೇಡವೆಂದರೆ, ಆಯ್ಕೆಯ ಹೊಣೆಯಿಂದ ನುಣುಚಿಕೊಳ್ಳುವುದನ್ನು ಕಲಿಯುತ್ತಾರೆ. ಇವೆರಡಕ್ಕಿಂತ, ಅವರವರ ಪಟ್ಟಿಯನ್ನು ಅವರವರಿಂದಲೇ ಬರೆಯಿಸುವುದು ಮೇಲು. ಪ್ರತಿ ಹೆಸರಿನ ಮುಂದೆ ಆ ಚಿತ್ರವನ್ನು ಯಾವಾಗ, ಎಲ್ಲಿ, ಎಷ್ಟು ಬಾರಿ ನೋಡಿದರೆಂಬುದನ್ನೂ ಆಯ್ಕೆಗೆ ಕಾರಣವನ್ನೂ ಅವರು ಬರೆಯಲಿ. ಹತ್ತನೆಯ ಸ್ಥಾನಕ್ಕಾಗಿ ಬಿಟ್ಟುಕೊಟ್ಟ ಚಿತ್ರ ಯಾವುದೆಂಬುದನ್ನೂ ತಪ್ಪದೆ ಹೇಳಲಿ. ಕೈಬಿಟ್ಟುದರ ಹೆಸರು ತಿಳಿದಾಗಲೇ ಆರಿಸಿದುದರ ಬೆಲೆ ತಿಳಿಯುತ್ತದೆ. ಎಬರ್ಟ್ ಅವರ ಕೊನೆಯ ಪಟ್ಟಿಯಿಂದ ನಾವು ಹೆಚ್ಚು ಕಲಿತದ್ದು, ಅದರಲ್ಲಿ ಸೇರದೆ ಹೋದ 'ಸಿನೆಕ್‌ಡಕಿ, ನ್ಯೂಯಾರ್ಕ್' ಚಿತ್ರದ ವಿಷಯವಾಗಿ ಅವರು ಆಡಿದ ಮಾತಿನಿಂದಲೇ.

ಕನ್ನಡದಲ್ಲಿ ಚಲಚ್ಚಿತ್ರವನ್ನು ಕುರಿತು ಇಂಥ ಸಕಾರಣವಾದ, ದಿನಾಂಕಸಹಿತವಾದ ಸಾಕ್ಷ್ಯಗಳು ಸಂಗ್ರಹವಾಗುವುದು ಅಗತ್ಯ. ಕಾಲೇಜಿನ ತರಗತಿಗಿಂತ ಅದಕ್ಕೆ ತಕ್ಕ ಸ್ಥಳ ಬೇರೊಂದಿಲ್ಲ. ಹತ್ತು ವರ್ಷಗಳ ಅನಂತರ ಅದೇ ವಿದ್ಯಾರ್ಥಿಗಳು ತಮ್ಮ ಹಳೆಯ ಪಟ್ಟಿಯನ್ನು ತೆಗೆದು ನೋಡಿ, ಯಾವ ಹೆಸರನ್ನು ಏಕೆ ಹೊಡೆದುಹಾಕಬೇಕಾಯಿತೆಂದು ಬರೆಯಬಲ್ಲರಾದರೆ, ಆ ಬರೆಹವನ್ನು ವಿಮರ್ಶೆಯೆಂದು ಕರೆಯಲು ಯಾರೂ ಹಿಂಜರಿಯಬೇಕಾಗಿಲ್ಲ.