ಹಣೆಪಟ್ಟಿಯಾದ ಹೆಸರುಗಳು: ಕ್ರಿಸ್ಟಿ ಮತ್ತು ನರಸಿಂಹಯ್ಯ

ನಮ್ಮ ಸಂಘದ ಪುಸ್ತಕದ ಕಪಾಟಿಗೆ ಏನು ತರಿಸಬೇಕೆಂಬ ಮಾತು ಬಂದಾಗಲೆಲ್ಲ ಎರಡು ಹೆಸರುಗಳು ಕೇಳಿಬರುತ್ತವೆ. ಮಕ್ಕಳ ಕೈಯಲ್ಲಿರುವ ಇಂಗ್ಲಿಷ್ ಕಾದಂಬರಿಯನ್ನು "ಕ್ರಿಸ್ಟಿ ಥರದ್ದು" ಎಂದು ಮೆಚ್ಚಿಕೊಳ್ಳುತ್ತೇವೆ. ಕನ್ನಡದ ಪತ್ತೇದಾರಿ ಎಂದೊಡನೆ "ಅಯ್ಯೋ ಬಿಡಿ, ನರಸಿಂಹಯ್ಯನ ಥರದ್ದು" ಎಂದು ಮೂಗು ಮುರಿಯುತ್ತೇವೆ. ಒಂದು ಬಿರುದಾಯಿತು, ಇನ್ನೊಂದು ಬೈಗುಳವಾಯಿತು. ಎರಡರಿಂದಲೂ ಓದುವ ಶ್ರಮವಂತೂ ಉಳಿಯಿತು.

ವೈದ್ಯರಿಗೆ ಈ ಚಾಳಿ ಹೊಸದೇನಲ್ಲ. ಪಾರ್ಕಿನ್ಸನ್ ಎಂದೋ ಆಲ್ಝೈಮರ್ ಎಂದೋ ಮನುಷ್ಯರ ಹೆಸರನ್ನು ಕಾಯಿಲೆಗೆ ಅಂಟಿಸಿ ರೌಂಡ್ಸ್ ಮುಗಿಸುತ್ತೇವೆ. ಅನುಕೂಲವೇನೋ ಹೌದು, ಆದರೆ ಹೆಸರಿಟ್ಟ ಗಳಿಗೆಯಿಂದ ರೋಗಿಯನ್ನು ನೋಡುವುದು ಕಡಿಮೆಯಾಗುತ್ತದೆ. ಅಂದಹಾಗೆ, ಕ್ರಿಸ್ಟಿ ಎಂಬುದು ಆ ಲೇಖಕಿಯ ಮೊದಲ ಗಂಡನ ಮನೆಯ ಹೆಸರು. 1928ರಲ್ಲಿ ವಿಚ್ಛೇದನವಾದ ಮೇಲೂ ಪುಸ್ತಕಗಳ ಮೇಲೆ ಅದೇ ಉಳಿಯಿತು. ನರಸಿಂಹಯ್ಯ ಎಂಬುದಂತೂ ಮನೆತನದ ಹೆಸರೇ ಅಲ್ಲ. ಇಲ್ಲಿನ ಅರ್ಜಿಗಳಲ್ಲಿ 'ಫ್ಯಾಮಿಲಿ ನೇಮ್' ಖಾನೆಯ ಮುಂದೆ ಪೆನ್ನು ಹಿಡಿದು ಕೂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಕ್ರಿಸ್ಟಿ ಥರ' ಎಂದರೆ ನಮ್ಮ ಮನಸ್ಸಿಗೆ ಬರುವುದು ಒಂದು ಬಂಗಲೆ, ಒಂದು ಹೆಣ, ಕೊನೆಗೆ ಎಲ್ಲರನ್ನೂ ಕೂರಿಸಿ ಬಿಡಿಸುವ ಒಗಟು. ಆದರೆ ಈ ಕತಾರ್‌ನ ಮಗುವೊಂದನ್ನು ಬದುಕಿಸಿದ್ದು ಆ ಒಗಟಲ್ಲ. 1977ರಲ್ಲಿ ಇಲ್ಲಿಂದ ಹತ್ತೊಂಬತ್ತು ತಿಂಗಳ ಹೆಣ್ಣುಮಗುವನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ಒಯ್ದಿದ್ದರು. ಮಗು ಸಾಯುವ ಹಂತದಲ್ಲಿತ್ತು, ರೋಗ ಯಾವುದೆಂದು ತಜ್ಞರಿಗೆ ತಿಳಿಯಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಒಬ್ಬರು ಆಗ ಕ್ರಿಸ್ಟಿಯ 1961ರ 'ದಿ ಪೇಲ್ ಹಾರ್ಸ್' ಓದುತ್ತಿದ್ದರು. ಮಗುವಿನ ಕೂದಲು ಉದುರತೊಡಗಿದಾಗ, ಇದು ಪುಸ್ತಕದಲ್ಲಿನ ಥ್ಯಾಲಿಯಂ ವಿಷದಂತಿದೆ ಎಂದರು. ಮೂತ್ರಪರೀಕ್ಷೆಯಲ್ಲಿ ಅದೇ ಸಿಕ್ಕಿತು. ಮನೆಯಲ್ಲಿ ಜಿರಳೆ, ಇಲಿಗಳಿಗೆಂದು ಇಟ್ಟಿದ್ದ ಔಷಧಿ ಮೂಲವೆಂದು ತಿಳಿಯಿತು. ಮಗು ಚೇತರಿಸಿಕೊಂಡಿತು. ಪ್ರಕರಣವನ್ನು ವರದಿ ಮಾಡಿದ ವೈದ್ಯರು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಕ್ರಿಸ್ಟಿಗೂ ಕೃತಜ್ಞತೆ ಹೇಳಿದರು. (ಮನೆಗೆ ಜಿರಳೆ ಔಷಧಿ ಹೊಡೆಸುವವರು ಡಬ್ಬಿಯ ಮೇಲಿನದನ್ನು ಓದಿಯೇ ಹೊಡೆಸಿ.)

ಥ್ಯಾಲಿಯಂ ಲವಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಹೊಟ್ಟೆನೋವು, ಕಾಲುರಿ, ನರಗಳ ದೌರ್ಬಲ್ಯ ಎಂದು ಬೇರೆ ಬೇರೆ ಕಾಯಿಲೆಗಳ ವೇಷ ಹಾಕಿಕೊಂಡು ಬರುತ್ತದೆ. ಕೂದಲು ಉದುರುವುದು ಎರಡು ಮೂರು ವಾರವಾದ ಮೇಲೆ. ಈ ನಿಧಾನವನ್ನು ಕ್ರಿಸ್ಟಿ ಸರಿಯಾಗಿ ಬರೆದಿದ್ದರು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದವರು ಅವರು. 'ಕ್ರಿಸ್ಟಿ ಥರ' ಎಂಬ ಮಾತಿನೊಳಗೆ ಈ ಕಂಪೌಂಡರಮ್ಮನಿಗೆ ಜಾಗವೇ ಇಲ್ಲ.

ಇನ್ನು ನರಸಿಂಹಯ್ಯನವರು. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. 1952ರ 'ಪತ್ತೇದಾರ ಪುರುಷೋತ್ತಮ'ನ ಹೆಸರು ಮನೆಮಾತಾಗಿ, ಅತಿಜಾಣತನ ತೋರಿಸುವ ಹುಡುಗನನ್ನು "ಬಂದ ನೋಡು ಪುರುಷೋತ್ತಮ" ಎಂದು ಛೇಡಿಸುವಷ್ಟಾಯಿತು. ವೈದ್ಯರಾಗಿ ನಮ್ಮ ತಕರಾರುಗಳು ಬೇಕಾದಷ್ಟಿವೆ. ಆ ಕಾಲದ ಪತ್ತೇದಾರಿಗಳಲ್ಲಿ ಕರವಸ್ತ್ರಕ್ಕೆ ಕ್ಲೋರೋಫಾರಂ ಹಾಕಿ ಮೂಗಿಗೆ ಒತ್ತಿದರೆ ಅರೆಗಳಿಗೆಯಲ್ಲಿ ಮೂರ್ಛೆ; ನಿಜದಲ್ಲಿ ಅದಕ್ಕೆ ಕೆಲವು ನಿಮಿಷಗಳೇ ಬೇಕು. ಸುಳಿವುಗಳನ್ನು ಓದುಗನ ಮುಂದಿಡುವ ಕ್ರಿಸ್ಟಿಯ ನೇಮವನ್ನೂ ನಾವು ಓದಿದ ಪುರುಷೋತ್ತಮನಲ್ಲಿ ಕಾಣಲಿಲ್ಲ. ಅವನಿಗೆ ತಿಳಿದದ್ದು ನಮಗೆ ತಿಳಿಯುವುದು ಕೊನೆಯ ಪುಟದಲ್ಲಿ.

ಆದರೆ ಚಿಕ್ಕ ವಾಕ್ಯ, ನೇರ ಮಾತು, ಪುಟ ತಿರುಗಿಸದೆ ಬಿಡದ ಓಟ: ಇದು ನಾಲ್ಕನೆಯ ತರಗತಿ ಓದಿದವರು ಅಷ್ಟೇ ಓದಿದವರಿಗಾಗಿ ಬರೆದ ಕನ್ನಡ. ಬಾಡಿಗೆ ಲೈಬ್ರರಿಯ ಹರಿದ ರಟ್ಟಿನ ಈ ಪುಸ್ತಕಗಳನ್ನು ನಮ್ಮ ಮನೆಗಳಲ್ಲಿ ಹೆಂಗಸರೂ ಅಂಗಡಿಯ ಹುಡುಗರೂ ಸರದಿಯಲ್ಲಿ ಓದಿದರು. ನಮ್ಮಲ್ಲಿ ಅನೇಕರು ಪಠ್ಯಪುಸ್ತಕದ ಆಚೆ ಕನ್ನಡ ಓದಲು ಕಲಿತದ್ದೇ ಇವುಗಳಿಂದ. ಭೈರಪ್ಪ, ಕಾರಂತರೆಲ್ಲ ಆಮೇಲೆ ಬಂದರು. ಮೂಗು ಮುರಿಯುವಾಗ ಈ ಸಾಲ ನೆನಪಿರಲಿ.

ಇದೇ ಹಣೆಪಟ್ಟಿಯನ್ನು ಟಿ.ಕೆ. ರಾಮರಾಯರಿಗೂ ಅಂಟಿಸುತ್ತೇವೆ. ಅವರ ಪತ್ತೇದಾರಿಗಳ ನಡೆ ಬೇರೆ, ಮಾತು ಬೇರೆ. 'ಬಂಗಾರದ ಮನುಷ್ಯ' ಕಾದಂಬರಿಯೂ ಅವರದೇ ಎಂಬುದು ಆ ಚಿತ್ರವನ್ನು ಹತ್ತು ಸಲ ನೋಡಿದವರಿಗೂ ಗೊತ್ತಿರುವುದಿಲ್ಲ. ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರು. ರಾಜ್ಯೋತ್ಸವದಂದು ನಾವು ಇಲ್ಲಿ ಹಿಡಿಯುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಅವರೇ.

ದೋಹಾದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಅಂಗಡಿಯ ಬೋರ್ಡನ್ನು ಕೂಡಿಸಿ ಓದುವಷ್ಟು ಕನ್ನಡ ಬಲ್ಲರು. ಅವರ ಕೈಗೆ ನೇರವಾಗಿ 'ಮಲೆಗಳಲ್ಲಿ ಮದುಮಗಳು' ಕೊಟ್ಟು, ಓದಲಿಲ್ಲವೆಂದು ಗೊಣಗುವುದು ನ್ಯಾಯವೇ? ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಹಪ್ಪಳ, ಚಟ್ನಿಪುಡಿಯ ಸಂದಿಯಲ್ಲಿ ನಾಲ್ಕು ಪತ್ತೇದಾರಿ ಕಾದಂಬರಿಗಳನ್ನೂ ತನ್ನಿ. ರಟ್ಟು ಹರಿದಿದ್ದರೂ ಪರವಾಗಿಲ್ಲ, ಕೊನೆಯ ಪುಟ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.