ಜಂಕ್ಷನ್ನಿನಲ್ಲಿ ನಿಂತು ಪಶ್ಚಿಮ ನೋಡುವುದು

1893ರ ಜುಲೈನಲ್ಲಿ ಷಿಕಾಗೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ಅದೇ ಸಂದರ್ಭದಲ್ಲಿ ಸೇರಿದ್ದ ಇತಿಹಾಸಕಾರರ ಸಭೆಯಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಮೂವತ್ತೊಂದು ವರ್ಷದ ಅಧ್ಯಾಪಕರು ಒಂದು ಪ್ರಬಂಧ ಓದಿದರು. ಪಶ್ಚಿಮದ ಕಡೆಗೆ ಸರಿಯುತ್ತಲೇ ಹೋದ ಗಡಿ, ಅದರಾಚೆ ಬಿದ್ದಿದ್ದ ಬಿಟ್ಟಿ ನೆಲ, ಅದನ್ನು ಹಸನು ಮಾಡಲು ಹೋದ ಬಿಳಿಯ ರೈತ: ಅಮೆರಿಕದ ಪ್ರಜಾಪ್ರಭುತ್ವ, ಅಲ್ಲಿನವರ ಸ್ವಂತಿಕೆ, ಹಟ ಎಲ್ಲಕ್ಕೂ ಮೂಲ ಇದೇ ಎಂದರು. ಅಂಥ ಗಡಿರೇಖೆಯನ್ನು ಇನ್ನು ಗುರುತಿಸಲು ಬರುವುದಿಲ್ಲ ಎಂದು 1890ರ ಜನಗಣತಿ ಹೇಳಿಬಿಟ್ಟಿತ್ತು. ಹಾಗಾಗಿ ಆ ಪ್ರಬಂಧದಲ್ಲಿ ಹೆಮ್ಮೆಯ ಜೊತೆಗೆ ಒಂದು ಶೋಕವೂ ಇದೆ.

ಆ ಒಂದು ಪ್ರಬಂಧದಿಂದ ಒಂದು ಪಂಥವೇ ಹುಟ್ಟಿತು. ನಮ್ಮ ಪದವಿ ತರಗತಿಗಳಿಗೂ ಅಮೆರಿಕದ ಹತ್ತೊಂಬತ್ತನೆಯ ಶತಮಾನ ಬಂದದ್ದು ಅದರ ನೆರಳಿನಲ್ಲೇ. ಪಶ್ಚಿಮದ ವಿಸ್ತರಣೆ ಒಂದು ಅಧ್ಯಾಯ, ಕೈಗಾರಿಕೆಗಳ ಬೆಳವಣಿಗೆ ಇನ್ನೊಂದು, ವಲಸೆ ಮತ್ತೊಂದು. ಪರೀಕ್ಷೆಗೆ ಮೂರು ಪ್ರಬಂಧ ಮಾದರಿಯ ಪ್ರಶ್ನೆ. ಈ ಮೂರನ್ನೂ ಬಿಡಿಬಿಡಿಯಾಗಿ ಓದಿದವರಿಗೆ ನಮ್ಮ ಬೀರೂರಿನಂಥ ರೈಲು ಜಂಕ್ಷನ್ನಿನ ಊರು ಅರ್ಥವಾಗುವುದು ಕಷ್ಟ. ಬೀರೂರು ಗೊತ್ತಿದ್ದವರಿಗೆ ಟರ್ನರ್ ಎಲ್ಲಿ ತಪ್ಪಿದರೆಂಬುದು ಬೇಗ ಕಾಣುತ್ತದೆ. ಅವರು ನಿಂತ ಜಾಗವೇ ಸರಿಯಿರಲಿಲ್ಲ. ಅಂಚಿಗೆ ಹೋಗಿ ನಿಂತವನಿಗೆ ಮುಂದಿನದೆಲ್ಲ ಖಾಲಿಯಾಗಿ ಕಾಣುವುದು ಸಹಜ.

ಖಾಲಿ ಇರಲಿಲ್ಲ ಎಂಬುದನ್ನು ಅಮೆರಿಕದವರೇ ಆಮೇಲೆ ಸಾಕಷ್ಟು ಹೇಳಿದ್ದಾರೆ. ಪೆಟ್ರೀಷಿಯಾ ಲಿಮರಿಕ್ 1987ರಲ್ಲಿ ಬರೆದ ಪುಸ್ತಕ ಪಶ್ಚಿಮದ ಕಥೆಯನ್ನು ಗೆದ್ದು ವಶಮಾಡಿಕೊಂಡವರ ಕಥೆ ಎಂದೇ ಕರೆಯಿತು. ಮೂಲನಿವಾಸಿಗಳ ಬುಡಕಟ್ಟಿನ ನೆಲವನ್ನು ಒಡೆದು ತುಂಡು ಮಾಡಿದ 1887ರ ಡಾಸ್ ಕಾಯಿದೆ, ಸೆಂಟ್ರಲ್ ಪೆಸಿಫಿಕ್ ರೈಲುಹಾದಿಗೆ ಬೆಟ್ಟ ಕೊರೆದ ಚೀನೀಯರನ್ನೇ ದೇಶದ ಬಾಗಿಲಲ್ಲಿ ತಡೆದ 1882ರ ಕಾಯಿದೆ, ಇವೆಲ್ಲ ಟರ್ನರ್ ಪ್ರಬಂಧದಲ್ಲಿ ಎಲ್ಲಿವೆ ಎಂದು ಹುಡುಕಿದರೆ ಸಿಗುವುದು ಅಲ್ಪ. 160 ಎಕರೆಯನ್ನು ಸಾಗುವಳಿಗಾರನಿಗೆ ಕೊಟ್ಟ ಹೋಮ್‌ಸ್ಟೆಡ್ ಕಾಯಿದೆಯೂ, ರೈಲು ಕಂಪನಿಗಳಿಗೆ ನೆಲವನ್ನು ಧಾರೆಯೆರೆದ ಕಾಯಿದೆಯೂ 1862ರಲ್ಲೇ ಬಂದವು. ಹಾಗಿದ್ದ ಮೇಲೆ ಒಂಟಿ ರೈತನ ಸಾಹಸ ಎನ್ನುವ ಮಾತಿಗೆ ಎಷ್ಟು ತೂಕ?

ಈಗ ಬೀರೂರಿಗೆ ಬರೋಣ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನಡುವೆ 1876–78ರ ಕ್ಷಾಮ. ನಮ್ಮ ರೈಲಿನ ಚರಿತ್ರೆ ಶುರುವಾಗುವುದು ಈ ಹೆಣಗಳ ಲೆಕ್ಕದಿಂದ. ಕಾಳು ಸಾಗಿಸಲು ಹಾದಿ ಬೇಕೆಂಬ ಒತ್ತಾಯ ಆಗಲೇ ಬಲವಾಯಿತು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಬಂದ ಮೀಟರ್‌ಗೇಜ್ ಹಾದಿ ಕಡೂರು, ಬೀರೂರು ಹಾಯ್ದು 1889ರಲ್ಲಿ ಹರಿಹರ ಮುಟ್ಟಿತು. ಹತ್ತು ವರ್ಷಕ್ಕೆ, 1899ರಲ್ಲಿ, ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಒಡೆಯಿತು. ಬಯಲುಸೀಮೆಯಿಂದ ಮಲೆನಾಡಿಗೆ, ನಮ್ಮದೇ ಪಶ್ಚಿಮಕ್ಕೆ. ಬೀರೂರು ಜಂಕ್ಷನ್ ಆಯಿತು.

ಈ ಹಾದಿಯ ಬಗ್ಗೆ ಬರೆದವರ ಪರಂಪರೆಯೊಂದು ನಮ್ಮಲ್ಲೂ ಇದೆ. ಅದನ್ನು ಮೈಸೂರಿನ ‘ಮಾದರಿ ಸಂಸ್ಥಾನ’ ಪಂಥ ಎನ್ನಬಹುದು. ಆಡಳಿತ ವರದಿಗಳಲ್ಲಿ ಹುಟ್ಟಿ, ಗೆಜೆಟಿಯರುಗಳಲ್ಲಿ ಬೆಳೆದು, ಶಾಲಾಪುಸ್ತಕದಲ್ಲಿ ನೆಲೆಯಾದ ಬರವಣಿಗೆ. ಮಲೆನಾಡು ಎಂದರೆ ಅದಕ್ಕೆ ಜ್ವರದ ಸೀಮೆ, ಜನ ಕಡಿಮೆ, ಕಾಡು ಹೆಚ್ಚು, ಅದಿರು ಸುಮ್ಮನೆ ಬಿದ್ದಿದೆ. ದಿವಾನರು ಬಂದರು, ಹಾದಿ ಹಾಕಿದರು, ಕಾರ್ಖಾನೆ ಎದ್ದಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಇದ್ದಿಲಿಗೆ ಮರ. ಇದು ಸಣ್ಣ ಸಾಧನೆಯಲ್ಲ, ನಾನು ಅದನ್ನು ಕಿರಿದು ಮಾಡುತ್ತಿಲ್ಲ. ಆದರೆ ಟರ್ನರ್ ಪಂಥದ ನಾಯಕ ನೇಗಿಲು ಹಿಡಿದ ರೈತನಾದರೆ ಇಲ್ಲಿಯ ನಾಯಕ ಕಡತ ಹಿಡಿದ ದಿವಾನ. ಇಬ್ಬರ ಎದುರಿಗೂ ಇರುವುದು ಅದೇ ಖಾಲಿ ನೆಲ.

ಆ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೀರೂರು, ಅಜ್ಜಂಪುರ, ಬಾಸೂರುಗಳ ಸುತ್ತಿನ ಹುಲ್ಲುಗಾವಲು ಅಮೃತಮಹಲ್ ಕಾವಲು. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿ ತೊಡಗಿದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟದ್ದು ಟಿಪ್ಪು. ಸೈನ್ಯಕ್ಕೆ ತೋಪಿನ ಬಂಡಿ ಎಳೆಯುವ ಎತ್ತುಗಳು ಬೇಕಿದ್ದವು. ಈ ಕಾವಲುಗಳಲ್ಲಿ ಬೇಸಿಗೆಯವು ಬೇರೆ, ಮಳೆಗಾಲದವು ಬೇರೆ, ಚಳಿಗಾಲದವು ಬೇರೆ. ಬೇಸಿಗೆಯ ಕಾವಲಿನಲ್ಲಿ ನೀರು, ನೆರಳು ಇರಬೇಕು. ಮಳೆಗಾಲದ್ದಕ್ಕೆ ಕೆಸರು ನಿಲ್ಲದ ಗಟ್ಟಿ ನೆಲ ಸಾಕು. ಮೇಲ್ವಿಚಾರಕರಾದ ಸೇರ್ವೆಗಾರರ ಕೈಕೆಳಗೆ ಹಿಂಡುಗಳು ಒಂದರಿಂದ ಒಂದಕ್ಕೆ ನಡೆಯುತ್ತಿದ್ದವು. ಅಂದರೆ ವರ್ಷದಲ್ಲಿ ಒಂದು ದಿನ ಹೋಗಿ ನೋಡಿದವನಿಗೆ ಮೂರರಲ್ಲಿ ಎರಡು ಕಾವಲು ಬರಿದಾಗಿಯೇ ಕಾಣಬೇಕು. ಹುಲ್ಲಿಗೆ ಬಿಡುವು ಕೊಟ್ಟಿದ್ದನ್ನು ಪಾಳು ಎಂದು ಓದಿದರೆ ಅದು ಓದಿದವನ ದೋಷ. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡುಗಳನ್ನೇ ಮಾರಿದ ಸರ್ಕಾರ 1866ರಲ್ಲಿ ಅವನ್ನು ಮತ್ತೆ ಕಟ್ಟಬೇಕಾಯಿತು. ದನ ತಿರುಗಿ ಬಂತು. ಆದರೆ ಮುಂದಿನ ನೂರು ವರ್ಷದಲ್ಲಿ ಕಾವಲು ತುಂಡುತುಂಡಾಗಿ ದರಖಾಸ್ತಿಗೆ, ನೆಡುತೋಪಿಗೆ, ಕಚೇರಿಗಳಿಗೆ ಹೋಯಿತು.

ಟರ್ನರ್ ನಂತರದ ವಾಲ್ಟರ್ ಪ್ರೆಸ್ಕಾಟ್ ವೆಬ್ 1931ರಲ್ಲಿ ಅಮೆರಿಕದ ಮಹಾಬಯಲಿನ ಬಗ್ಗೆ ಬರೆಯುವಾಗ ಮುಳ್ಳುತಂತಿ, ಗಾಳಿಯಂತ್ರ, ರಿವಾಲ್ವರುಗಳ ಮೇಲೆ ಕಣ್ಣಿಟ್ಟರು. ಮರವಿಲ್ಲದ ಸೀಮೆಗೆ ಬೇಲಿ ತಂದದ್ದು ಮುಳ್ಳುತಂತಿ ಎಂಬ ಅವರ ಒಳನೋಟ ಇವತ್ತಿಗೂ ಬೆಲೆಯುಳ್ಳದ್ದು. ಆ ತಂತಿಯ ಆಚೆ ಯಾರಿದ್ದರು ಎಂದು ಮಾತ್ರ ಅವರು ಗಟ್ಟಿಯಾಗಿ ಕೇಳಲಿಲ್ಲ. ಬೀರೂರಿನ ಕಡೆ ಇದ್ದವರು ಗೊಲ್ಲರು, ಕುರುಬರು, ಲಂಬಾಣಿಗರು. ಲಂಬಾಣಿಗರ ಪಾಡನ್ನೇ ನೋಡಿ. ಹೇರೆತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದ ಜನ ಅವರು. ರೈಲು, ಗಾಡಿರಸ್ತೆಗಳು ಬಂದ ಮೇಲೆ ಆ ಕಸುಬೇ ಹೋಯಿತು. ರೈಲು ಪಶ್ಚಿಮವನ್ನು ತೆರೆಯಿತು ಎನ್ನುವ ವರದಿಗಳು, ಮೊದಲೇ ತೆರೆದಿದ್ದ ಹಾದಿಯಲ್ಲಿ ನಡೆಯುತ್ತಿದ್ದವರನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಈ ಸೀಮೆಯ ತಾಂಡಾಗಳಿಂದ ಕಾಫಿ ತೋಟದ ಕೂಲಿಗೆ, ಕಬ್ಬು ಕಡಿಯಲು ಗುಳೆ ಹೋಗುವವರ ಚರಿತ್ರೆಯ ಒಂದು ತುದಿ ಅಲ್ಲಿದೆ.

ನನ್ನ ಮಟ್ಟಿಗೆ ಅಮೆರಿಕದ ಪಶ್ಚಿಮದ ಬಗ್ಗೆ ಬರೆದವರ ಪರಂಪರೆಯಲ್ಲಿ ಎಲ್ಲರಿಗಿಂತ ದೊಡ್ಡ ಇತಿಹಾಸಕಾರ ವಿಲಿಯಂ ಕ್ರೋನನ್. 1991ರಲ್ಲಿ ಬಂದ ಅವರ ಪುಸ್ತಕ ಷಿಕಾಗೊ ನಗರದಲ್ಲೇ ನಿಂತು ಪಶ್ಚಿಮವನ್ನು ನೋಡಿತು. ಗೋಧಿ, ಮರ, ಮಾಂಸ ಮೂರೂ ರೈಲಿನಲ್ಲಿ ಬಂದು ಇಳಿಯುವ ಜಂಕ್ಷನ್ನೇ ಗಡಿಯನ್ನು ಹುಟ್ಟಿಸಿತು, ಪಟ್ಟಣ ಕೊನೆಗೆ ಬಂದದ್ದಲ್ಲ, ಮೊದಲಿನಿಂದಲೂ ಇತ್ತು ಎಂದರು. ಅವರ ಪುಸ್ತಕದ ಜೀವಾಳ ಗೋಧಿಯ ಭಾಗ. ಮೊದಲು ಗೋಧಿ ಚೀಲದಲ್ಲಿ ಬರುತ್ತಿತ್ತು, ಚೀಲದ ಜೊತೆ ರೈತನ ಹೆಸರೂ ಬರುತ್ತಿತ್ತು. ಎತ್ತರದ ಕಣಜಗಳು ಬಂದ ಮೇಲೆ ಎಲ್ಲರ ಗೋಧಿಯನ್ನೂ ದರ್ಜೆ ನೋಡಿ ಒಂದೇ ರಾಶಿಗೆ ಸುರಿದರು. ರೈತನ ಕೈಗೆ ಉಳಿದದ್ದು ರಸೀತಿ. ಆ ರಸೀತಿಯ ಮೇಲೆಯೇ ವ್ಯಾಪಾರ, ಸಟ್ಟಾ, ಮುಂಗಡ ಬಾಜಿ ಎಲ್ಲ ಶುರುವಾಯಿತು.

ಈ ಚಿತ್ರವನ್ನು ನಮ್ಮ ಕಡೆಯ ಅಡಕೆ ಮಂಡಿಗೆ ತಂದು ಹಿಡಿದರೆ ಅದರ ಬೆಲೆಯೂ ಮಿತಿಯೂ ಕಾಣುತ್ತವೆ. ಇಲ್ಲೂ ದರ್ಜೆ ಇದೆ: ಸರಕು, ಬೆಟ್ಟೆ, ರಾಶಿ, ಗೊರಬಲು. ದಿನದ ಧಾರಣೆ ಈ ಹೆಸರುಗಳ ಮೇಲೆಯೇ ಪತ್ರಿಕೆಗೆ ಬರುತ್ತದೆ. ಆದರೆ ಚೀಲ ಚೀಲವಾಗಿಯೇ ಉಳಿಯುತ್ತದೆ. ಇಂಥವರ ಲಾಟು, ಇಷ್ಟು ಮೂಟೆ ಎಂದು. ಖರೀದಿದಾರ ಕೈಹಾಕಿ ಹಿಡಿ ಅಡಕೆ ತೆಗೆದು, ಒಂದನ್ನು ಕಡಿದು ಒಳಗಿನ ಬಣ್ಣ ನೋಡಿ ದರ ಬರೆಯುತ್ತಾನೆ. ಕ್ರೋನನ್ ಹೇಳುವ ಸರಕಿನ ಅನಾಮಿಕತೆ ಇಲ್ಲಿ ಪೂರ್ತಿ ಆಗಲೇ ಇಲ್ಲ. ಅದರ ಜಾಗದಲ್ಲಿ ಇರುವುದು ಮಂಡಿಯವರಿಗೂ ಬೆಳೆಗಾರನಿಗೂ ನಡುವಿನ ಮುಂಗಡ ಸಾಲ. ಹೆಸರು ಉಳಿದದ್ದರಿಂದ ರೈತನಿಗೆ ಮರ್ಯಾದೆ ಸಿಕ್ಕಿತು, ಜೊತೆಗೇ ಋಣವೂ ಹೆಸರಿಗೇ ಅಂಟಿತು. ರೈಲು, ಮಾರುಕಟ್ಟೆ ಎರಡೂ ಬಂದ ಕಡೆಯೆಲ್ಲ ಷಿಕಾಗೊ ಆಗುವುದಿಲ್ಲ.

ಕ್ರೋನನ್ ಅವರ ಇನ್ನೊಂದು ಕೊರತೆಯನ್ನು ಅವರ ದೇಶದ ವಿಮರ್ಶಕರೇ ಎತ್ತಿದ್ದಾರೆ: ಸರಕುಗಳು ಓಡಾಡುವ ಆ ಪುಸ್ತಕದಲ್ಲಿ ಹೊರುವವರು ಕಡಿಮೆ. ವಲಸೆಗೆ ಅಲ್ಲಿ ಬೇರೆಯೇ ಪಂಥವಿತ್ತು. ಆಸ್ಕರ್ ಹ್ಯಾಂಡ್ಲಿನ್ 1951ರಲ್ಲಿ ವಲಸೆಗಾರನನ್ನು ಬೇರು ಕಿತ್ತವನಂತೆ ಚಿತ್ರಿಸಿದರು. ಜಾನ್ ಬಾಡ್ನರ್ 1985ರಲ್ಲಿ ಅದನ್ನು ತಿದ್ದಿ, ಬಂದವರು ನಂಟು, ಊರು, ಲೆಕ್ಕಾಚಾರ ಎಲ್ಲವನ್ನೂ ಕಟ್ಟಿಕೊಂಡೇ ಬಂದರು ಎಂದರು. ನಮ್ಮ ಕಾಫಿ ತೋಟಗಳನ್ನು ನೋಡಿದರೆ ಬಾಡ್ನರ್ ಮಾತೇ ಹೆಚ್ಚು ನಿಜ. ಮೇಸ್ತ್ರಿ ತನ್ನ ಊರಿನವರಿಗೇ ಮುಂಗಡ ಕೊಟ್ಟು, ಅವರನ್ನೇ ಕರೆತಂದು, ಸುಗ್ಗಿ ಮುಗಿದ ಮೇಲೆ ಅವರ ಜೊತೆಗೇ ಹಿಂತಿರುಗುತ್ತಿದ್ದ. ಭದ್ರಾವತಿ ಕಾರ್ಖಾನೆಗೆ ಬಂದ ತಮಿಳರು, ತೆಲುಗರು, ಮಲಯಾಳಿಗಳು ಮಾತ್ರ ಅಲ್ಲೇ ನೆಲೆನಿಂತರು, ಬೆಂಕಿಪುರವಾಗಿದ್ದ ಹಳ್ಳಿ ನಾಲ್ಕೈದು ಭಾಷೆಯ ಪಟ್ಟಣವಾಯಿತು. ಹಾದಿಯಲ್ಲಿ ಬಂದದ್ದು ಮನುಷ್ಯರಷ್ಟೇ ಅಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಇಳಿದದ್ದೂ ಬೀರೂರು ಹಾಯುವ ಇದೇ ಹಳಿಯ ಮೇಲೆ.

ಇಲ್ಲೊಂದು ನಾಚಿಕೆಯ ಮಾತಿದೆ. ಮಲೆನಾಡಿಗೆ ಘಟ್ಟದ ಕೆಳಗಿನಿಂದ ಬಂದ ಆಳುಗಳು ಹೇಗೆ ಬದುಕಿದರು ಎಂದು ಕೇಳಿದರೆ ನಾವು ಕೈಗೆತ್ತಿಕೊಳ್ಳುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು. ಇತಿಹಾಸದ ಪುಸ್ತಕ ಕೈಗೆ ಸಿಗುವುದಿಲ್ಲ. ವಿದ್ವಾಂಸರಾದ ಹೆಟ್ನೆ, ಮ್ಯಾನರ್, ಜಾನಕಿ ನಾಯರ್ ಮೈಸೂರಿನ ಆಡಳಿತ, ರಾಜಕಾರಣ, ಆಧುನಿಕತೆಗಳನ್ನು ಆಳವಾಗಿ ಬಗೆದಿದ್ದಾರೆ. ‘ಮಾದರಿ ಸಂಸ್ಥಾನ’ದ ಹೊಗಳಿಕೆ ಅವರಿಂದ ಸಾಕಷ್ಟು ಕರಗಿದೆ. ಆದರೂ ಅವರ ನೋಟ ರಾಜಧಾನಿಯ ಕಡೆಗೇ ಹೆಚ್ಚು. ಬೀರೂರಿನಂಥ ನಡುವಿನ ಊರು ಅಡಿಟಿಪ್ಪಣಿಯಲ್ಲಿ ಇಳಿದು ಹೋಗುತ್ತದೆ.

ಜಂಕ್ಷನ್ ಎಂದ ಮಾತ್ರಕ್ಕೆ ಎಲ್ಲ ಸರಕೂ ಅಲ್ಲಿಗೇ ಬರಲೇಬೇಕೆಂದಿಲ್ಲ, ಅದನ್ನೂ ಹೇಳಬೇಕು. ಚಿಕ್ಕಮಗಳೂರಿನ ಕಾಫಿಯಲ್ಲಿ ಬಹುಪಾಲು ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ, ಕಾಫಿಗೆ ಅದರ ಅಗತ್ಯ ಮುಗಿದ ಮೇಲೆ. ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾವಲುಗಳ ಕಥೆಯೂ ಮುಗಿದಿಲ್ಲ. 2011ರಲ್ಲಿ ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಅದೇ ಹೊತ್ತಿನಲ್ಲಿ ಪಕ್ಕದ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಪೀಠದ ಮುಂದೆ ನಿಂತು, ಈ ನೆಲ ಖಾಲಿಯಿರಲಿಲ್ಲ ಎಂದು ವಾದಿಸಬೇಕಾಯಿತು.