ಬಾಗುವ ಸೀಳಿನ ಲೆಕ್ಕ

ಅಡಿಕೆ ಕೊಯ್ಲಿಗೆಂದು ಶಿರಸಿ ಪೇಟೆಯಲ್ಲೋ, ಸಿದ್ದಾಪುರ, ಯಲ್ಲಾಪುರದ ಸಂತೆಯಲ್ಲೋ ಬಿದಿರಿನ ಹೆಡಿಗೆ ಕೊಳ್ಳುವಾಗ ಕೈ ತಾನಾಗಿಯೇ ದಪ್ಪ ಸೀಳಿನದರತ್ತ ಹೋಗುತ್ತದೆ. ದಪ್ಪವಿದ್ದರೆ ಬಾಳಿಕೆ ಹೆಚ್ಚು ಎಂಬ ನಂಬಿಕೆ. ಬಾಗಿ ನಿಲ್ಲಬೇಕಾದ ವಸ್ತುವಿಗೆ ಈ ನಂಬಿಕೆ ಸಲ್ಲದು. ಸೀಳನ್ನು ಬಾಗಿಸಿದರೆ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಒಂದು ಪದರ ಮಾತ್ರ ಇದ್ದಂತೆಯೇ ಇರುತ್ತದೆ. ಆ ಪದರದಿಂದ ದೂರ ಹೋದಷ್ಟೂ ಎಳೆತ ಹೆಚ್ಚು. 10 ಸೆಂ.ಮೀ. ತ್ರಿಜ್ಯದ ಬಾಗಿನಲ್ಲಿ 4 ಮಿ.ಮೀ. ದಪ್ಪದ ಸೀಳಿನ ಹೊರಮೈ ನೂರಕ್ಕೆ 2ರಷ್ಟು ಹಿಗ್ಗಬೇಕು, 1 ಮಿ.ಮೀ. ಸೀಳಾದರೆ ನೂರಕ್ಕೆ ಅರ್ಧ ಸಾಕು. ಒಣ ಬಿದಿರಿಗೆ 2 ಎಂದರೆ ಸಿಡಿಯುವ ಅಂಚು. ಹಸಿಯಲ್ಲೇ ಬಾಗಿಸಿ ಒಣಗಿಸಿದರೆ ಬಿಗುವು ಒಂದಿಷ್ಟು ಸಡಿಲುತ್ತದೆ ನಿಜ, ಪೂರ್ತಿ ಹೋಗುವುದಿಲ್ಲ. ಒಂದು ಮಣ ಹೊರುವ ಮೊದಲೇ ದಪ್ಪ ಸೀಳು ದಣಿದಿರುತ್ತದೆ.

ಇನ್ನು, ಬಿದಿರು ಒಳಗೂ ಹೊರಗೂ ಒಂದೇ ಅಲ್ಲ. ಗಟ್ಟಿ ನಾರುಗಳೆಲ್ಲ ಹಸಿರು ಸಿಪ್ಪೆಯ ಕಡೆ ಒತ್ತಾಗಿರುತ್ತವೆ, ಒಳಗಿನದು ಮೆತ್ತನೆಯ ತಿರುಳು. ನಮ್ಮ ಅಡಿಕೆ ದಬ್ಬೆಯದೂ ಇದೇ ಕಟ್ಟು. ಸಿಪ್ಪೆ ಹೊರಗಿರುವಂತೆ ಬಾಗಿಸಿದರೆ ನಾರು ಎಳೆತವನ್ನು ತಾಳಿಕೊಳ್ಳುತ್ತದೆ, ತಿರುಳು ಮುರಿಯದೆ ಅಮುಕಿಕೊಳ್ಳುತ್ತದೆ. ಸಿಪ್ಪೆಯನ್ನು ಹೊರಗಿಟ್ಟು ಹೆಣೆಯುವ ಮೇದಾರರ ಕೈಯಲ್ಲಿರುವುದು ಈ ತಿಳಿವು. 1638ರಲ್ಲಿ ತೊಲೆಯ ಬಲವನ್ನು ಲೆಕ್ಕ ಹಾಕಿದ ಗೆಲಿಲಿಯೊ ಕೂಡ ಒಂದು ಬದಿ ಕುಗ್ಗುತ್ತದೆ ಎಂಬುದನ್ನು ಗಣನೆಗೆ ತಂದಿರಲಿಲ್ಲ. ಆ ತಪ್ಪು ತಿದ್ದಿಕೊಳ್ಳಲು ಯುರೋಪಿಗೆ ಹಲವು ದಶಕ ಬೇಕಾಯಿತು ಎಂಬುದನ್ನು ನೆನೆದರೆ ಹೆಣಿಗೆಯ ಮೇಲಿನ ನನ್ನ ಗೌರವ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಹಳ್ಳದ ಸಂಕಕ್ಕೆ ದಪ್ಪ ಮರವೇ ಏಕೆ ಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಗುಣ ಎಂಟು ಪಟ್ಟಾಗುತ್ತದೆ. ಬಾಗಲೇಬಾರದ ಸಂಕಕ್ಕೆ ಅದು ಬೇಕು. ಹೆಡಿಗೆಯ ಮೈ ಹೊರುವ ಬಗೆ ಬೇರೆ. ಅಡಿಕೆಯ ಭಾರವನ್ನು ಅಲ್ಲಿನ ಸೀಳುಗಳು ಬಹುಮಟ್ಟಿಗೆ ಉದ್ದಕ್ಕೆ ಜಗ್ಗಿಸಿಕೊಂಡು ಹೊರುತ್ತವೆ. ಆ ಕೆಲಸಕ್ಕೆ 4 ಮಿ.ಮೀ.ನ ಒಂದು ಸೀಳೂ 1 ಮಿ.ಮೀ.ನ ನಾಲ್ಕೂ ಸಮ. ಬಿಗಿ ಬೇಕಾದದ್ದು ಬಾಯಿಯ ಅಂಚಿಗೆ, ತೆಳು ಸೀಳು ಅಲ್ಲಿ ಸಾಲದು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಅಲ್ಲಿಯೂ ಒಂದೇ ದಪ್ಪ ಪಟ್ಟಿಯನ್ನು ಬಾಗಿಸಬೇಕಿಲ್ಲ. ತೆಳು ಪಟ್ಟಿಗಳನ್ನು ಒಂದೊಂದಾಗಿ ಸುತ್ತಿ, ಆಮೇಲೆ ಒತ್ತಾಗಿ ಕಟ್ಟಿದರೆ ಅವು ಒಂದರ ಮೇಲೊಂದು ಜಾರುವುದಿಲ್ಲ; ಬಾಗುವಾಗ ತೆಳು, ನಿಲ್ಲುವಾಗ ದಪ್ಪ. ಕಟ್ಟು ಪೂರ್ತಿ ಸಡಿಲಿದರೆ ನಾಲ್ಕು ಪಟ್ಟಿಯ ಅಂಚಿನ ಬಿಗಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೆಯ ಹೆಡಿಗೆಯನ್ನು ಎಸೆಯುವ ಮುನ್ನ ಆ ಕಟ್ಟನ್ನೊಮ್ಮೆ ಬಿಗಿದು ನೋಡಿ.